ನಾನು ಕಟ್ಟಿದ ಮಾತಿನ ತಾಣ

ಆರು ಕೇಂದ್ರಗಳಲ್ಲಿ ಹಂಚಿಹೋಗಿರುವ ಹನ್ನೊಂದು ಜನ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದಕ್ಕೆ ಕಂಪ್ಯೂಟರಿನಲ್ಲಿ ಒಂದು ಜಾಗ ಮಾಡಿಕೊಡುವುದು ಒಂದು ಭಾನುವಾರದ ಕೆಲಸ ಎಂದು ನಾನು ಹೆಂಡತಿಗೆ ಹೇಳಿದ್ದೆ. ಹಾಗೆ ಹೇಳಿದ್ದೆನೆಂದು ನನ್ನ ನೆನಪು. ವತ್ಸಲಾಳ ಪ್ರಕಾರ ನಾನು ಹೇಳಿದ್ದು "ಒಂದು ಗಂಟೆ ಕೆಲಸ" ಎಂದು. ವಾದ ಬೆಳೆಸುವುದು ಬೇಡವೆಂದು ದಿನಚರಿ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ "ಅರ್ಧ ಗಂಟೆ ಸಾಕು" ಎಂದು ಬರೆದಿದೆ.

ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗಿನಿಂದ ದಿನಚರಿ ಬರೆಯುತ್ತ ಬಂದವನು ನಾನು. ಶಿಸ್ತಿನ ಮನುಷ್ಯ ಎಂದಲ್ಲ. ನನ್ನ ನೆನಪು ಯಾವಾಗಲೂ ನನ್ನ ಪಕ್ಷ ವಹಿಸುತ್ತದೆ ಎಂಬ ಅನುಮಾನ ಆಗಲೇ ಬಂದಿತ್ತು. ದಿನಚರಿಯನ್ನು ಬರೆಯುವವನೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಆದ್ದರಿಂದ ಇಲ್ಲಿ ನೆನಪಿಗೂ ದಿನಚರಿಗೂ ಹೊಂದಾಣಿಕೆಯಾಗದ ಕಡೆ ಎರಡನ್ನೂ ಹೇಳಿಬಿಡುತ್ತೇನೆ. ಯಾವುದರಲ್ಲಿ ನಾನು ಹೆಚ್ಚು ಪೆದ್ದನಾಗಿ ಕಾಣುತ್ತೇನೋ ಅದನ್ನು ಓದುಗರು ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಅದೇ ನಿಜವಾಗಿರುತ್ತದೆ.

ನಾವು ಹನ್ನೊಂದು ಜನರೂ ಮಾತು ಕಲಿಸುವವರು. ಮಾತು ತಡವಾದ, ತೊದಲುವ, ಮಾತು ಬಂದರೂ ಬಾಯಿ ಬಿಡದ ಮಕ್ಕಳನ್ನು ಮಾತಾಡಿಸುವುದು ನಮ್ಮ ಉದ್ಯೋಗ. ನಮ್ಮದು ಒಂದು ಟ್ರಸ್ಟು, ಮೈಸೂರಿನಲ್ಲಿ ಆರು ಕೇಂದ್ರ. ಲಷ್ಕರ್ ಮೊಹಲ್ಲಾದ ಕೇಂದ್ರ ನನ್ನದು. ಎಲ್ಲರಿಗಿಂತ ಹಿರಿಯ ನಾನೇ, ಮೂವತ್ತು ವರ್ಷದ ಅನುಭವ. ಊರಿನ ಮಕ್ಕಳನ್ನೆಲ್ಲ ಮಾತಾಡಿಸುವ ನಾವು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದುದು ವರ್ಷಕ್ಕೊಮ್ಮೆ, ಟ್ರಸ್ಟಿನ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ. ಅದೂ ಬಾಯಲ್ಲಿ ಹೋಳಿಗೆ ಇರುವಾಗ.

ಹಿಂದೆ ಮೊಬೈಲಿನಲ್ಲಿ ನಮ್ಮದೊಂದು ಗುಂಪಿತ್ತು. ನಮ್ಮಲ್ಲೊಬ್ಬರು ಒಂದು ಮಗುವಿನ ವಿಡಿಯೋವನ್ನು ಕೈತಪ್ಪಿ ತಮ್ಮ ಅತ್ತೆ ಮನೆಯವರ ಗುಂಪಿಗೆ ಕಳಿಸಿಬಿಟ್ಟರು. ಆ ಮನೆಯ ಹಿರಿಯರೆಲ್ಲ ಸೇರಿ ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚಬೇಕೆಂದು ತೀರ್ಪು ಕೊಟ್ಟರು. ಮಗುವಿನ ತಂದೆಗೆ ವಿಷಯ ತಿಳಿಯಿತು. ಅಂದಿನಿಂದ ಗುಂಪು ನಿಷೇಧ, ಮಕ್ಕಳ ಕೋಣೆಯೊಳಗೆ ಫೋನೂ ನಿಷೇಧ. ಅದು ನ್ಯಾಯವೇ. ಆದರೆ ನಿಷೇಧಕ್ಕೆ ಒಮ್ಮೆ ರುಚಿ ಹತ್ತಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕೇಂದ್ರದ ಕಂಪ್ಯೂಟರುಗಳಲ್ಲಿ ಮಕ್ಕಳ ಹೆಸರು ದಾಖಲಿಸುವ ತಂತ್ರಾಂಶ ಮತ್ತು ಕಚೇರಿಯ ಇ-ಮೇಲ್ ಬಿಟ್ಟು ಬೇರೇನೂ ತೆರೆಯದಂತಾಯಿತು.

ಇದೆಲ್ಲ ನನಗೆ ತೊಂದರೆಯಾಗಿ ಕಂಡದ್ದು ನಸ್ರೀನ್ ನನ್ನ ಕೇಂದ್ರಕ್ಕೆ ಬಂದು ಕೂತ ದಿನ. ನಸ್ರೀನ್ ನಮ್ಮಲ್ಲೆಲ್ಲ ಕಿರಿಯಳು. ಮಂಡಿ ಮೊಹಲ್ಲಾದಲ್ಲಿ, ಒಣಮೆಣಸಿನಕಾಯಿಯ ಸಗಟು ಅಂಗಡಿಯ ಮೇಲಿನ ಮಹಡಿಯಲ್ಲಿರುವ ಕೇಂದ್ರವನ್ನು ಒಬ್ಬಳೇ ನಡೆಸುತ್ತಿದ್ದಳು. ಅಲ್ಲಿ ಮಕ್ಕಳು ಮಾತಿಗಿಂತ ಮೊದಲು ಸೀನು ಕಲಿಯುತ್ತವೆ.

"ಸರ್, ನಾನು ಮಾಡ್ತಿರೋದು ಸರಿನೋ ತಪ್ಪೋ ಹೇಳೋರೇ ಇಲ್ಲ," ಅಂದಳು. "ಕಾಲೇಜಲ್ಲಿ ಒಂದು ಮಗು ಇದ್ರೆ ಸುತ್ತ ಹತ್ತು ಜನ ಇರ್ತಿದ್ವಿ. ಇಲ್ಲಿ ಇಪ್ಪತ್ತು ಮಗು, ನಾನೊಬ್ಳೇ. ನಾನು ತಪ್ಪು ಹಾದಿ ಹಿಡಿದ್ರೆ ಆ ಮಗು ಒಂದು ವರ್ಷ ಹಾಳಾಯ್ತು ಅಂತಾನೇ. ನಂಗೆ ಭಯ ಆಗುತ್ತೆ ಸರ್. ಇನ್ನೊಂದು ಮೂರು ತಿಂಗಳು ನೋಡ್ತೀನಿ, ಆಮೇಲೆ ಬಿಟ್ಬಿಡ್ತೀನಿ."

ಆ ಕೇಂದ್ರದಲ್ಲಿ ಇವಳಿಗಿಂತ ಮೊದಲಿದ್ದ ಇಬ್ಬರೂ ಹೀಗೇ ಹೋಗಿದ್ದರು. ಇವಳೂ ಹೋದರೆ ಮಂಡಿ ಮೊಹಲ್ಲಾ ಕೇಂದ್ರ ಮುಚ್ಚುವುದೆಂದು ಟ್ರಸ್ಟು ತೀರ್ಮಾನಿಸಿತ್ತು. ಇಪ್ಪತ್ತು ಮಕ್ಕಳು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಅವುಗಳ ತಾಯಂದಿರಿಗೆ ಆ ಮೆಟ್ಟಿಲು ಹತ್ತಿ ಬರುವುದೇ ಒಂದು ಸಾಹಸವಾಗಿತ್ತು.

"ಬಿಡಬೇಡಮ್ಮ. ನಾವೆಲ್ಲ ಒಂದೇ ಕಡೆ ಕೂತು ಮಾತಾಡೋ ಹಾಗೆ ಒಂದು ತಾಣ ಮಾಡ್ತೀನಿ. ನೀನು ಕೇಳು, ಹತ್ತು ಜನ ಉತ್ತರ ಕೊಡ್ತೀವಿ," ಎಂದೆ. ಎಂಥ ಧೀರೋದಾತ್ತ ಮಾತು!

ಆ ಭಾನುವಾರ ಮನೆಯಲ್ಲಿ ಕೂತು ಒಂದು ಉಚಿತ ಅಂತರ್ಜಾಲ ತಾಣ ಕಟ್ಟಿದೆ. ಚಂದದ ಹಸಿರು ಬಣ್ಣ, ಮೇಲ್ಭಾಗದಲ್ಲಿ ಒಂದು ಗಿಳಿ. ವತ್ಸಲಾ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಯಾವುದನ್ನೂ ಸುಲಭವಾಗಿ ಹೊಗಳುವುದಿಲ್ಲ. ಅವಳೂ "ಗಿಳಿ ಚೆನ್ನಾಗಿದೆ" ಅಂದಳು. ಸೋಮವಾರ ಬೆಳಿಗ್ಗೆ ಕೇಂದ್ರದಲ್ಲಿ ತೆರೆದೆ. ಗಿಳಿ ಇರಬೇಕಾದ ಕಡೆ ಕೆಂಪು ಪರದೆ, ಅದರ ಮೇಲೆ ಅಡ್ಡ ಹಿಡಿದ ಒಂದು ಅಂಗೈ, ಕೆಳಗೆ: "ಈ ತಾಣ ನಿರ್ಬಂಧಿತ. ವರ್ಗ: ಹರಟೆ."

ನಮ್ಮ ಮುಖ್ಯ ಕಚೇರಿ ಇರುವುದು ಗೋಕುಲಂನಲ್ಲಿ. ಆ ಬೀದಿಗಳಲ್ಲಿ ಬೆಳಿಗ್ಗೆ ಯೋಗದ ಚಾಪೆ ಬಗಲಲ್ಲಿಟ್ಟುಕೊಂಡ ವಿದೇಶಿಯರು ಓಡಾಡುತ್ತಿರುತ್ತಾರೆ. ಮನಸ್ಸನ್ನು ಖಾಲಿ ಮಾಡಿಕೊಳ್ಳಲು ಅವರು ಅಷ್ಟು ದೂರದಿಂದ ಬರುತ್ತಾರೆ. ನನಗೆ ಅದು ನಮ್ಮ ಐಟಿ ವಿಭಾಗದಲ್ಲಿ ಅರ್ಧ ಗಂಟೆ ಕೂತರೆ ಸಾಧ್ಯವಾಗುತ್ತಿತ್ತು. ಆ ವಿಭಾಗದ ಮುಖ್ಯಸ್ಥರು ಮಹದೇವಸ್ವಾಮಿ. ಒಳ್ಳೆಯ ಮನುಷ್ಯ. ಒಳ್ಳೆಯತನ ಅವರ ಕೈಯಲ್ಲಿರಲಿಲ್ಲ, ಅಷ್ಟೇ.

"ಸಾರ್, ನಿಮ್ ಸೈಟು ಹರಟೆ ಅನ್ನೋ ವರ್ಗಕ್ಕೆ ಬಂದ್ಬುಟ್ಟದೆ," ಎಂದರು.

"ಹರಟೆ ಅಲ್ಲ ಕಣ್ರೀ. ವೃತ್ತಿಪರ ಸಂವಾದ."

"ಮಿಷನ್ನಿಗೆ ಆ ವ್ಯತ್ಯಾಸ ಗೊತ್ತಾಗಕಿಲ್ಲ ಸಾರ್. ನಂಗೂ ಅಷ್ಟಾಗಿ ಗೊತ್ತಾಗ್ತಿಲ್ಲ."

"ಹಾಗಾದರೆ ವರ್ಗ ಬದಲಿಸಿ."

"ಬದಲಿಸ್ಬೋದು. ಯಾವುದಕ್ಕೆ ಹಾಕ್ಲಿ? ಲಿಸ್ಟಲ್ಲಿ ಇರೋದು ಹರಟೆ, ಜೂಜು, ಆಟ, ವಧೂವರ. ನೀವೇ ಒಂದ್ ಹೇಳ್ಬುಡಿ."

ನಾಲ್ಕರಲ್ಲಿ ಮರ್ಯಾದಸ್ಥವಾಗಿ ಕಂಡದ್ದು ಒಂದೇ. ವಧೂವರ ಎಂದೆ. ಅದೂ ನಿರ್ಬಂಧಿತ ವರ್ಗವೇ ಎಂಬುದನ್ನು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ವಾರ ಸುಮಿತ್ರಾ ಮೇಡಂ ನಮ್ಮ ತಾಣವನ್ನು ತೆರೆಯಲು ಶ್ರದ್ಧೆಯಿಂದ ಪ್ರಯತ್ನಿಸಿದರು. ಗೋಕುಲಂ ಕೇಂದ್ರದ ಸುಮಿತ್ರಾ ಮೇಡಂಗೆ ನಿವೃತ್ತಿ ಹತ್ತಿರ, ಇಬ್ಬರು ಮೊಮ್ಮಕ್ಕಳು, ನಕ್ಕದ್ದನ್ನು ಕಂಡವರು ಕಡಿಮೆ. ಶನಿವಾರ ಅವರ ಕೈಗೆ ಒಂದು ನೋಟಿಸು ಬಂತು: ಕಚೇರಿಯ ವೇಳೆಯಲ್ಲಿ ವಧೂವರಾನ್ವೇಷಣೆಯ ತಾಣ ಪ್ರವೇಶಿಸಲು ಹದಿನಾಲ್ಕು ಬಾರಿ ಯತ್ನಿಸಿರುವುದು ಕಂಡುಬಂದಿದ್ದು, ಕಾರಣ ತಿಳಿಸುವುದು.

ಅವರು ಫೋನ್ ಮಾಡಿ ಒಂದೇ ಮಾತು ಕೇಳಿದರು. "ಯಾಕಪ್ಪಾ, ನಾನು ನಿಂಗೇನು ಮಾಡಿದ್ದೆ?"

ಪೆನ್‌ಡ್ರೈವಿನಲ್ಲಿ ಪ್ರಶ್ನೋತ್ತರಗಳನ್ನು ಕೇಂದ್ರದಿಂದ ಕೇಂದ್ರಕ್ಕೆ ಸಾಗಿಸೋಣ ಎಂದುಕೊಂಡೆ. ಕಂಪ್ಯೂಟರನ್ನು ತಿರುಗಿಸಿ ನೋಡಿದರೆ ಅದನ್ನು ಸಿಕ್ಕಿಸುವ ಕಿಂಡಿಗಳಿಗೆಲ್ಲ ಕೆಂಪು ಅರಗು ಸುರಿದು ಟ್ರಸ್ಟಿನ ಮುದ್ರೆ ಒತ್ತಿತ್ತು, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟಿಗೆ ಒತ್ತುವ ಹಾಗೆ. ಆರು ಕೇಂದ್ರಕ್ಕೂ ತಾವೇ ಹೋಗಿ ಮೇಣದಬತ್ತಿ ಹಚ್ಚಿಕೊಂಡು ಕೂತು ಒತ್ತಿ ಬಂದದ್ದಾಗಿ ಮಹದೇವಸ್ವಾಮಿ ಆಮೇಲೆ ಹೆಮ್ಮೆಯಿಂದ ಹೇಳಿದರು.

ಆಗ ನನಗೆ ಆ ಪ್ರಚಂಡ ಉಪಾಯ ಹೊಳೆಯಿತು. ದಿನಚರಿಯ ಆ ಪುಟದಲ್ಲಿ "ಹೊಳೆಯಿತು" ಎಂಬ ಪದಕ್ಕೆ ಎರಡು ಗೆರೆ ಎಳೆದಿದ್ದೇನೆ. ಅದನ್ನು ನೋಡಿದರೆ ಈಗಲೂ ಮೈ ಹಿಡಿಯಾಗುತ್ತದೆ.

ಮಕ್ಕಳ ಹೆಸರು ದಾಖಲಿಸುವ ತಂತ್ರಾಂಶ ಆರೂ ಕೇಂದ್ರದಲ್ಲಿ ತೆರೆಯುತ್ತದಲ್ಲವೇ? ಅದರಲ್ಲಿ ಪ್ರತಿ ಮಗುವಿನ ಪುಟದ ಕೊನೆಗೆ "ಷರಾ" ಎಂಬ ಚೌಕವಿದೆ. ಚಿಕಿತ್ಸೆ ಕೊಟ್ಟವರು ಅದರಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಯಾವ ಕೇಂದ್ರದವರು ಬೇಕಾದರೂ ಓದಬಹುದು. ಹಾಗಿದ್ದ ಮೇಲೆ, ಇಲ್ಲದ ಒಂದು ಮಗುವನ್ನು ದಾಖಲಿಸಿದರೆ? ಅದರ ಷರಾ ಚೌಕವೇ ನಮ್ಮ ಹರಟೆಕಟ್ಟೆ!

ಮಗುವನ್ನು ದಾಖಲಿಸಿದೆ. ಹೆಸರು, ಸಂವಾದ. ವಯಸ್ಸು, ನಾಲ್ಕು. ತಂದೆಯ ಹೆಸರು ಖಾಲಿ ಬಿಡಲು ತಂತ್ರಾಂಶ ಒಪ್ಪಲಿಲ್ಲ, ನನ್ನದನ್ನೇ ಕೊಟ್ಟೆ. ಫೋನ್ ಸಂಖ್ಯೆಯ ಜಾಗದಲ್ಲಿ ನನ್ನದನ್ನು ಹಾಕಿದರೆ "ಇದು ಸಿಬ್ಬಂದಿಯ ಸಂಖ್ಯೆ" ಎಂದು ತಿರಸ್ಕರಿಸಿತು. ವತ್ಸಲಾಳದನ್ನು ಹಾಕಿದೆ.

ಒಂಬತ್ತು ದಿನ ನಾವು ಮಾತಾಡಿದೆವು. ಈ ಇಡೀ ಪ್ರಕರಣದಲ್ಲಿ ನಿಜವಾಗಿ ಮಾತಾಡಿದ್ದು ಆ ಒಂಬತ್ತು ದಿನ ಮಾತ್ರ. ನಸ್ರೀನ್ ಕೇಳಿದ ಪ್ರಶ್ನೆಗೆ ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕು ಉತ್ತರ ಬಂದವು. ಸುಮಿತ್ರಾ ಮೇಡಂ ನೋಟಿಸಿನ ಕೋಪ ಮರೆತು ಒಂದು ಪುಟ ಬರೆದರು. ನಸ್ರೀನ್ ಫೋನ್ ಮಾಡಿ, "ಸರ್, ಇವತ್ತು ನಂಗೆ ಭಯ ಆಗ್ಲಿಲ್ಲ," ಅಂದಳು. ಆ ಮಾತು ದಿನಚರಿಯಲ್ಲೂ ಹಾಗೇ ಇದೆ.

ಹತ್ತನೆಯ ದಿನ ಮನೆಗೆ ಬಂದರೆ ವತ್ಸಲಾ ಬಾಗಿಲಲ್ಲೇ ನಿಂತಿದ್ದಳು.

"ಬನ್ನಿ. ನಮಗೆ ನಾಲ್ಕು ವರ್ಷದ ಮಗ ಇದಾನಂತೆ."

"ಯಾರು ಹೇಳಿದ್ದು?"

"ನಿಮ್ಮ ಟ್ರಸ್ಟಿಂದಾನೇ ಫೋನ್ ಬಂತು. ಸಂವಾದನ ತಾಯಿ ನೀವೇನಾ ಅಂತ ಕೇಳಿದ್ಳು ಒಬ್ಬಳು ಹುಡುಗಿ. ನಂಗೆ ಮಗನೇ ಇಲ್ಲಮ್ಮ, ಒಬ್ಬಳೇ ಮಗಳು ಅಂದೆ. ತಂದೆ ಹೆಸರು ಹೇಳಿದ್ಳು. ಅವರು ನಮ್ಮನೆಯವರೇ ಅಂದೆ. ಪಾಪ, ಹೆದರಿಬಿಟ್ಳು. ಆಮೇಲೆ, ಮೇಡಂ, ನಾನೇನೂ ಕೇಳೇ ಇಲ್ಲ ಅಂದ್ಕೊಳ್ಳಿ, ಅಂತ ಇಟ್ಟುಬಿಟ್ಳು."

ನಾನು ತಡವರಿಸುತ್ತ ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಹೋಗ್ಲಿ, ಮಗು ಹೇಗಿದೆ?" ಅಂದಳು.

"ಆರು ಕೇಂದ್ರದಲ್ಲೂ ತೋರಿಸ್ತಿದೀವಿ."

"ಓದೋಕೆ ಹಾಕೋವಾಗ ಹೇಳಿ. ಗಣಿತ ನಾನು ನೋಡ್ಕೋತೀನಿ."

ಅಷ್ಟಕ್ಕೇ ಮುಗಿಯಲಿಲ್ಲ. ಟ್ರಸ್ಟಿನಲ್ಲಿ ಪ್ರತಿ ತಿಂಗಳು ಹೆಚ್ಚು ಚಿಕಿತ್ಸೆ ಪಡೆದರೂ ಸುಧಾರಿಸದ ಮಕ್ಕಳ ಪಟ್ಟಿಯನ್ನು ಅಧ್ಯಕ್ಷರ ಮುಂದೆ ಇಡುವ ಪದ್ಧತಿಯಿದೆ. ಪಟ್ಟಿಯ ತಲೆಯಲ್ಲಿ ಸಂವಾದ ಕೂತಿದ್ದ. ಒಂಬತ್ತು ದಿನದಲ್ಲಿ ಆರು ಕೇಂದ್ರ, ಹನ್ನೊಂದು ತಜ್ಞರು. ಷರಾ ಓದಿದರೆ ಮಗು ಸೋಮವಾರ ತೊದಲುತ್ತದೆ, ಮಂಗಳವಾರ ಕಿವಿ ಕೇಳುವುದಿಲ್ಲ, ಬುಧವಾರ "ಇವಳಿಗೆ ರ ಬಂತು, ಳ ಇನ್ನೂ ಇಲ್ಲ", ಗುರುವಾರ "ಸುಮಿತ್ರಾ ಮೇಡಂ ಹೇಳಿದಂತೆಯೇ ಮಾಡಿದೆ, ಕಚ್ಚಿಬಿಟ್ಟ". ಅಧ್ಯಕ್ಷರು ವಯಸ್ಸಾದವರು, ಮೃದು ಹೃದಯದವರು. ಇಂಥ ಜಟಿಲವಾದ ಮಗುವನ್ನು ತಾವು ಕಣ್ಣಾರೆ ಕಾಣಬೇಕೆಂದು, ತಂದೆಯಾದ ನಾನು ಅವನನ್ನು ಖುದ್ದಾಗಿ ಕರೆತರಬೇಕೆಂದು ಹೇಳಿ ಕಳಿಸಿದರು.

ನಾನು ಒಬ್ಬನೇ ಹೋದೆ. ಅಧ್ಯಕ್ಷರ ಮೇಜಿನ ಮೇಲೆ ಬಣ್ಣ ಹಚ್ಚಿದ ಒಂದು ಮರದ ಬುಗುರಿ ಇತ್ತು.

ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬುಗುರಿಯನ್ನು ನನ್ನ ಕಡೆ ಸರಿಸಿ, "ತಂದಿದ್ದಾಯ್ತಲ್ಲ, ನೀವೇ ಇಟ್ಕೊಳ್ಳಿ," ಎಂದರು.

ಆದರೆ ಅದೇ ಕೋಣೆಯಲ್ಲಿ ನಮಗೆ ಜಯ ಸಿಕ್ಕಿತು. ಈ ಮನುಷ್ಯನನ್ನು ಹೀಗೇ ಬಿಟ್ಟರೆ ಮುಂದೆ ಇನ್ನೇನನ್ನು ಹುಟ್ಟಿಸುತ್ತಾನೋ ಎಂಬ ಹೆದರಿಕೆಯಿಂದಲೋ ಏನೋ, ಅಧ್ಯಕ್ಷರು ಮಹದೇವಸ್ವಾಮಿಯನ್ನು ಕರೆಸಿ, ಟ್ರಸ್ಟಿನ ಜಾಲದೊಳಗೇ ನಮಗೊಂದು ಅಧಿಕೃತ ಸಂವಾದ ವೇದಿಕೆ ಮಾಡಿಕೊಡಲು ಹೇಳಿದರು. ನಿರ್ವಾಹಕ ನಾನು. ಕೆಲವು ಷರತ್ತುಗಳ ಚರ್ಚೆಯಾಯಿತು, ನಾನು ಸಹಿ ಹಾಕಿದೆ. ಆ ಖುಷಿಯಲ್ಲಿ ಷರತ್ತುಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ನಸ್ರೀನ್ ಕೊಟ್ಟಿದ್ದ ಮೂರು ತಿಂಗಳಲ್ಲಿ ಇನ್ನೂ ಒಂದು ತಿಂಗಳಿತ್ತು. ವೇದಿಕೆ ಸಿದ್ಧವಾದ ದಿನ ಅವಳಿಗೆ ಮೊದಲು ಫೋನ್ ಮಾಡಿ ಹೇಳಿದೆ. ಆಮೇಲೆ ಮಿಕ್ಕ ಒಂಬತ್ತು ಜನರಿಗೆ. ಮಾರನೆಯ ಬೆಳಿಗ್ಗೆ ತೆರೆದು ನೋಡಿದೆ. "ಇನ್ನೂ ಯಾವ ಸಂದೇಶವೂ ಇಲ್ಲ" ಎಂದಿತ್ತು.

ಇಲ್ಲಿ ನಮ್ಮ ವೃತ್ತಿಯ ಒಂದು ಗುಟ್ಟು ಹೇಳಬೇಕು. ಮಾತಾಡದ ಮಗುವಿನ ಮುಂದೆ ನಾವು ಕಲಿಯುವ ಮೊದಲ ಪಾಠ ಕಾಯುವುದು. ಆಟದ ಸಾಮಾನು ತೋರಿಸಬೇಕು, ಮುಖದಲ್ಲಿ ಆಸೆ ಇಟ್ಟುಕೊಳ್ಳಬೇಕು, ಬಾಯಿ ಮುಚ್ಚಿಕೊಂಡಿರಬೇಕು. "ಹೇಳು, ಹೇಳು" ಎಂದು ಪೀಡಿಸುವ ಮನೆಯವರಿಂದಲೇ ಅರ್ಧ ಮಕ್ಕಳ ಮಾತು ಗಂಟಲಲ್ಲಿ ನಿಂತಿರುತ್ತದೆ. ನಾವು ಮಧ್ಯೆ ಬಾಯಿ ಹಾಕದೆ ಕಾದರೆ ಮಾತು ತಾನಾಗಿ ಬರುತ್ತದೆ. ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವನು ನಾನೇ.

ಹತ್ತು ಜನ ವಯಸ್ಕರಿಗೂ ನಾನು ಇದನ್ನೇ ಅನ್ವಯಿಸಿದೆ. ದಿನಾ ಬೆಳಿಗ್ಗೆ ಆ ಖಾಲಿ ಪುಟವನ್ನು ತೆರೆದು, ಮುಖದಲ್ಲಿ ಆಸೆ ಇಟ್ಟುಕೊಂಡು ಐದು ನಿಮಿಷ ಕೂರುತ್ತಿದ್ದೆ. ದಿನಚರಿ ಹೀಗಿದೆ. ಮೊದಲ ದಿನ: "ಮೌನ. ಒಳ್ಳೆಯ ಲಕ್ಷಣ." ಆರನೆಯ ದಿನ: "ಮೌನ ಮಾಗುತ್ತಿದೆ." ಹನ್ನೆರಡನೆಯ ದಿನ: "ಇಂದು ಸುಮಿತ್ರಾ ಮೇಡಂ ಬಸ್ ನಿಲ್ದಾಣದಲ್ಲಿ ಸಿಕ್ಕಿ ಮುಖ ತಿರುಗಿಸಿದರು. ಒಳಗೆ ಏನೋ ನಡೆಯುತ್ತಿದೆ."

"ನೀವೇ ಏನಾದ್ರೂ ಒಂದು ಬರೀರಿ ಮೊದ್ಲು," ಎಂದಳು ವತ್ಸಲಾ.

"ಬರೆಯಬಾರದು. ಅವರ ಮೇಲೆ ಒತ್ತಡ ಬೀಳುತ್ತೆ."

"ಒಂದು ಫೋನಾದ್ರೂ ಮಾಡಿ ಕೇಳಿ."

"ಅದಂತೂ ಮಾಡಲೇಬಾರದು."

"ನೀವು ಸುಮ್ನಿರೋದು ನಾನು ಮದುವೆಯಾದಾಗಿಂದ ನೋಡ್ತಿದೀನಿ. ಅದಕ್ಕೆ ಶಾಸ್ತ್ರ ಇದೆ ಅಂತ ಈಗ ಗೊತ್ತಾಯ್ತು," ಎಂದು ಅವಳು ಉತ್ತರ ಪತ್ರಿಕೆ ತಿದ್ದಲು ಕೂತಳು.

ಇಪ್ಪತ್ತಮೂರನೆಯ ದಿನ ನಸ್ರೀನಳ ರಾಜೀನಾಮೆ ಪತ್ರದ ಪ್ರತಿ ನನ್ನ ಮೇಜಿಗೆ ಬಂತು. ಅದರ ಜೊತೆಗೇ, ತಿಂಗಳ ಕೊನೆಗೆ ಮಂಡಿ ಮೊಹಲ್ಲಾ ಕೇಂದ್ರ ಮುಚ್ಚುವ ಆದೇಶದ ಪ್ರತಿ. ಎರಡಕ್ಕೂ ಒಂದೇ ಗುಂಡುಸೂಜಿ ಚುಚ್ಚಿದ್ದರು.

ಕೂಡಲೇ ಫೋನ್ ಮಾಡಿದೆ. "ಏನಮ್ಮ ಇದು? ವೇದಿಕೆ ಮಾಡಿದ್ದೇ ನಿನಗೋಸ್ಕರ. ಒಂದು ಪ್ರಶ್ನೆನಾದ್ರೂ ಕೇಳಬಾರ್ದಿತ್ತಾ?"

"ಏಳು ಸಲ ಬರೆದೆ ಸರ್. ಒಬ್ರೂ ಒಂದಕ್ಷರ ಉತ್ತರ ಕೊಡ್ಲಿಲ್ಲ. ಮೊದಲು ಆ ಮಗು ಪುಟದಲ್ಲಿ ಎಲ್ಲಾ ಎಷ್ಟು ಚೆನ್ನಾಗಿ ಹೇಳ್ತಿದ್ರಿ. ಈಗ ನಾನು ಕೇಳೋದು ತೀರಾ ಪೆದ್ದು ಪ್ರಶ್ನೆ ಅನ್ಸಿ ಸುಮ್ಮನಿದೀರ ಅಂದ್ಕೊಂಡೆ."

"ಎಲ್ಲಿ ಬರೆದೆ? ಅಲ್ಲಿ ಏನೂ ಇಲ್ಲವಲ್ಲ."

"ಪರವಾಗಿಲ್ಲ ಬಿಡಿ ಸರ್. ಎರಡು ಬೀದಿ ಆಚೆ ನಮ್ಮ ಚಿಕ್ಕಪ್ಪನ ಮನೇಲಿ ಒಂದು ರೂಮು ಕೊಡ್ತಾರೆ. ಬರೋ ಮಕ್ಕಳು ಬರ್ತಾರೆ. ಒಬ್ಳೇ ಮಾಡೋದೇ ಆದ್ರೆ ಟ್ರಸ್ಟ್ ಯಾಕೆ?"

ಗೋಕುಲಂಗೆ ಆಟೋದಲ್ಲಿ ಓಡಿದೆ. ಮಹದೇವಸ್ವಾಮಿ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಮೆಸೇಜುಗಳು ಅವೆಯಲ್ಲ ಸಾರ್. ಇಪ್ಪತ್ತಾರು. ಎಲ್ಲಾ ನಿಮ್ ಒಪ್ಪಿಗೆಗೆ ಕಾಯ್ತಾ ಕೂತವೆ. ನೀವು ಒಪ್ಪಿಗೆ ಒತ್ತೋವರ್ಗೂ ಯಾರ್ಗೂ ಕಾಣಕಿಲ್ಲ. ಪ್ರತಿ ಮೆಸೇಜಿಗೂ ನಿಮ್ಗೆ ಒಂದ್ ಮೇಲ್ ಬಂದಿರ್ತದೆ."

"ಒಂದೂ ಬಂದಿಲ್ಲ."

ಅವರು ಏನೋ ಒತ್ತಿ ನೋಡಿ ತಲೆ ಕೆರೆದುಕೊಂಡರು. "ನಮ್ ಫಿಲ್ಟರೇ ಹಿಡ್ಕೊಂಡ್ಬುಟ್ಟದೆ ಸಾರ್. ಒಂದೇ ಥರದ ಮೇಲು ಪದೇ ಪದೇ ಬಂದ್ರೆ ಕಳ್ಳ ಮೇಲು ಅಂತದೆ ಅದು."

ನನಗೆ ಆದ ಸಂತೋಷವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಇಪ್ಪತ್ತು ಮಕ್ಕಳ ಕೇಂದ್ರ ಮುಚ್ಚುತ್ತಿದೆ, ನಾನು ಸಂತೋಷಪಟ್ಟೆ. ತಪ್ಪು ನನ್ನದಲ್ಲವಲ್ಲ!

"ನೋಡಿದಿರಾ? ಎಲ್ಲ ನಿಮ್ಮಿಂದಲೇ. ಈ ಒಪ್ಪಿಗೆಯ ಷರತ್ತು ಹಾಕಿದ್ದೂ ನೀವೇ."

"ನಾನಾ?" ಮಹದೇವಸ್ವಾಮಿಗೆ ನಿಜವಾಗಿ ನೋವಾಯಿತು. "ನಾನು ಬ್ಯಾಡ ಅಂದೆ ಸಾರ್. ಓದಿರೋರು, ಬರ್ಕೊಳ್ಳಿ ಬುಡಿ ಅಂದೆ."

ಮನೆಗೆ ಬಂದು ದಿನಚರಿ ತೆಗೆದೆ. ಅಧ್ಯಕ್ಷರ ಕೋಣೆಯಲ್ಲಿ ಮಹದೇವಸ್ವಾಮಿ ಮೇಜು ತಟ್ಟಿ ಷರತ್ತು ಹಾಕಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಅವರು ತೊಟ್ಟ ಅಂಗಿಯ ಬಣ್ಣ ಸಹಿತ. ದಿನಚರಿಯಲ್ಲಿ ಇದ್ದದ್ದು ಇಷ್ಟು: "ಬುಗುರಿಯ ಪ್ರಸಂಗದಿಂದ ಹೋದ ಮಾನವನ್ನು ಸ್ವಲ್ಪ ಮರಳಿ ಪಡೆದೆ. ಪ್ರತಿ ಸಂದೇಶವೂ ನಾನು ಓದಿ ಒಪ್ಪಿದ ಮೇಲೆಯೇ ಪ್ರಕಟವಾಗಲಿ ಎಂದು ನಾನೇ ಸೂಚಿಸಿದೆ. ಐಟಿಯವರು ಬೇಡವೆಂದರೂ ಪಟ್ಟು ಹಿಡಿದೆ. ಅಧ್ಯಕ್ಷರು ಮೆಚ್ಚಿದಂತೆ ಕಂಡಿತು."

ಮೂರು ತಿಂಗಳಿಂದ ನಾನು ಹೊಡೆದಾಡುತ್ತಿದ್ದುದು ಒಂದು ಬಾಗಿಲಿನ ಜೊತೆ. ಕೊನೆಗೆ ಅದು ತೆರೆದಾಗ ನಾನೇ ಒಳಗಿನಿಂದ ಚಿಲಕ ಹಾಕಿಕೊಂಡು, ಯಾರೂ ಯಾಕೆ ಬರುತ್ತಿಲ್ಲ ಎಂದು ಕಾದಿದ್ದೆ.

ಮಾರನೆಯ ದಿನ ಕೇಂದ್ರದಲ್ಲಿ ಕೂತು ಇಪ್ಪತ್ತಾರನ್ನೂ ಓದಿದೆ. ಸುಮಿತ್ರಾ ಮೇಡಂ ಐದು ಬರೆದಿದ್ದರು. ಮೊದಲನೆಯದು ಒಂದೂವರೆ ಪುಟ, ಕೊನೆಯದು, "ಯಾರಾದರೂ ಇದ್ದೀರಾ? ಇದೂ ವಧೂವರರದೇ?" ಉಳಿದವರೂ ಒಂದೆರಡು ಬರೆದು, ಉತ್ತರ ಬಾರದೆ, ನಾನು ಕಲಿಸಿದ ಹಾಗೆ ಬಾಯಿ ಮುಚ್ಚಿ ಕಾದಿದ್ದರು. ಎಲ್ಲರೂ ಎಲ್ಲರಿಗೂ ಕಾದಿದ್ದರು.

ನಸ್ರೀನಳ ಏಳೂ ಒಂದೇ ಮಗುವಿನ ಬಗ್ಗೆ. ಜೋಯಾ ಎಂಬ ಐದು ವರ್ಷದ ಹುಡುಗಿ. ಯಾರೂ ನೋಡದಿರುವಾಗ ಚೆನ್ನಾಗಿ ಮಾತಾಡುತ್ತಾಳೆ, ಯಾರಾದರೂ ಮುಖ ನೋಡಿದ ಕೂಡಲೇ ಮಾತು ನಿಲ್ಲುತ್ತದೆ, ಏನು ಮಾಡಲಿ? ಎರಡನೆಯ ಸಂದೇಶದಲ್ಲಿ, ಮೊದಲನೆಯದರಲ್ಲಿ ಏನಾದರೂ ತಪ್ಪಿದ್ದರೆ ಕ್ಷಮಿಸಿ ಎಂದಿದ್ದಳು. ಮೂರರಲ್ಲಿ ಕನ್ನಡಿ ಇಟ್ಟು ನೋಡಿದ್ದಳು, ನಾಲ್ಕರಲ್ಲಿ ಪರದೆ ಕಟ್ಟಿ ನೋಡಿದ್ದಳು. ಐದನೆಯದು, "ಇವತ್ತು ಅವಳೂ ಅತ್ತಳು, ನಾನೂ." ಆರನೆಯದು, "ಕುರ್ಚಿ ತಿರುಗಿಸಿ ಅವಳಿಗೆ ಬೆನ್ನು ಹಾಕಿ ಕೂತೆ. ಹತ್ತು ನಿಮಿಷ ಮಾತಾಡಿದಳು. ಇದು ಸರಿಯಾದ ಕ್ರಮವೇ? ದಯವಿಟ್ಟು ಯಾರಾದರೂ ಹೇಳಿ." ಏಳನೆಯದು, "ಇಲ್ಲಿ ಯಾರೂ ಓದುವುದಿಲ್ಲ ಎಂದು ಈಗ ಗೊತ್ತಾಗಿದೆ. ಅದಕ್ಕೇ ಬರೆಯಲು ಧೈರ್ಯ ಬರುತ್ತಿದೆ. ನನಗೆ ಈ ಕೆಲಸ ಇಷ್ಟ."

ಅಂಥದೇ ಒಂದು ಮಗುವನ್ನು ನಾನು ಹಿಂದೆ ನೋಡಿದ್ದೆ. ನಸ್ರೀನ್ ತಾನಾಗಿ ಕಂಡುಕೊಂಡದ್ದನ್ನು ನಾನು ಮೊದಲ ದಿನವೇ ಎರಡು ಸಾಲಿನಲ್ಲಿ ಹೇಳಬಹುದಿತ್ತು. ಈಗ ಎರಡು ಪುಟ ಬರೆದೆ. ನೀನು ಮಾಡಿದ್ದು ಸರಿ, ಬಹಳ ಸರಿ, ಹೋಗಬೇಡ ಎಂದು ಬರೆದು ಕಳಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಬಂತು: "ನಿಮ್ಮ ಸಂದೇಶ ನಿರ್ವಾಹಕರ ಪರಿಶೀಲನೆಯಲ್ಲಿದೆ. ದಯವಿಟ್ಟು ಕಾಯಿರಿ."

ನಿರ್ವಾಹಕರು ಕೂಡಲೇ ಪರಿಶೀಲಿಸಿದರು. ಅಷ್ಟು ತ್ವರಿತವಾಗಿ ಅವರು ಯಾರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ. ಮೂರು ದಿನವಾದರೂ ಅವಳಿಂದ ಉತ್ತರವಿಲ್ಲ. ಮಹದೇವಸ್ವಾಮಿಯನ್ನು ಕೇಳಿದೆ. "ರಾಜೀನಾಮೆ ಬಂದ ದಿನಾನೇ ಅವರ ಐಡಿ ತೆಗೆದ್ಬುಟ್ಟೆ ಸಾರ್. ರೂಲ್ಸು," ಎಂದರು.

ನಸ್ರೀನಳ ಕೆಲಸದ ಕೊನೆಯ ದಿನ ಬೆಳಿಗ್ಗೆ ನಾನು ಆ ಎರಡು ಪುಟವನ್ನು ಅವಳಿಗೆ ಹೇಗೆ ಕಳಿಸಬಹುದೆಂದು ಯೋಚಿಸುತ್ತ ತಿಂಡಿಯ ಮುಂದೆ ಕೂತಿದ್ದೆ.

"ಅಲ್ರೀ," ಎಂದಳು ವತ್ಸಲಾ, "ನಿಮ್ಮ ಸೆಂಟರಿಂದ ಮಂಡಿ ಮೊಹಲ್ಲಾಗೆ ಎಷ್ಟು ದೂರ?"

"ನಡೆದರೆ ಹದಿನೈದು ನಿಮಿಷ."

ಅವಳು ನನ್ನ ಚಪ್ಪಲಿಯ ಕಡೆ ನೋಡಿದಳು.

ಹೋದೆ. ಮೆಣಸಿನಕಾಯಿ ಘಾಟಿಗೆ ಮೂರು ಸಲ ಸೀನಿ ಮೆಟ್ಟಿಲು ಹತ್ತಿದೆ. ಮೇಲೆ ಪೆಟ್ಟಿಗೆಗಳನ್ನು ಕಟ್ಟಿಟ್ಟಿದ್ದರು. ಒಳಕೋಣೆಯಲ್ಲಿ ಮಗುವಿನ ದನಿ ಕೇಳುತ್ತಿತ್ತು, ಪುಟ್ಟ ದನಿ, ಬಿಡುವೇ ಇಲ್ಲದೆ, ಯಾವುದೋ ಬೆಕ್ಕಿನ ಕಥೆ. ಬಾಗಿಲು ತಳ್ಳಿದೆ. ನಸ್ರೀನ್ ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಅವಳ ಬೆನ್ನಿಗೆ ಬೆನ್ನು ತಾಗಿಸಿ ಒಂದು ಹುಡುಗಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ನಾನು ಅವಳನ್ನು ನೋಡಿದೆ.

ಹುಡುಗಿ ಕಣ್ಣು ಮುಚ್ಚಿಕೊಂಡಳು. ಬೆಕ್ಕಿನ ಕಥೆ ಅರ್ಧಕ್ಕೆ ನಿಂತಿತು.

ನಸ್ರೀನ್ ತಿರುಗದೆಯೇ, "ಯಾರಿದ್ರೂ ಸರಿ, ಸ್ವಲ್ಪ ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು.

ತಿರುಗಿ ನಿಂತೆ. ಮೂವತ್ತು ವರ್ಷದ ಅನುಭವ, ಮೂಗಿನ ತುದಿಗೆ ಸುಣ್ಣ ತಾಗುತ್ತಿತ್ತು. ನಾನು ನಸ್ರೀನಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಾಯಲ್ಲೇ ಇದ್ದವು. ಆಡುವ ಹಾಗಿರಲಿಲ್ಲ. ಬಹಳ ಹೊತ್ತಾಯಿತು. ಸೀನು ಬಂತು, ತಡೆದುಕೊಂಡೆ.

"ಆ ಅಂಕಲ್ ಹೋದ್ರಾ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ಇಲ್ಲ, ಅಲ್ಲೇ ಇದಾರೆ. ನೋಡ್ತಿಲ್ಲ."

"ಮತ್ತೆ ಯಾಕೆ ಮಾತಾಡ್ತಿಲ್ಲ? ಅವ್ರಿಗೆ ಮಾತು ಬರಲ್ವಾ?"

ನಸ್ರೀನ್ ಕೊಟ್ಟ ಉತ್ತರ ಕೇಳಿದ ಮೇಲೆ, ಅವಳಿಗೆ ನಾನು ಯಾರೆಂದು ಗೊತ್ತಾಗಿಲ್ಲ ಎಂದುಕೊಳ್ಳುವ ಅನುಕೂಲವೂ ನನಗೆ ಉಳಿಯಲಿಲ್ಲ.

"ಬರುತ್ತೆ ಪುಟ್ಟಾ," ಎಂದಳು. "ತುಂಬಾ ನಿಧಾನ, ಅಷ್ಟೇ."

ಬೆಕ್ಕಿನ ಕಥೆ ಮುಂದುವರಿಯಿತು. ನಾನು ಗೋಡೆ ನೋಡುತ್ತ ನಿಂತೇ ಇದ್ದೆ.